ಒಂದೇ ತೂಕ, ಎರಡು ದೇಹ: ಬೊಜ್ಜು ಮತ್ತು ಮೂತ್ರಪಿಂಡ



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಒಂದು ಮನೆಯಲ್ಲಿ ಅಣ್ಣ, ತಂಗಿ ಇದ್ದಾರೆ ಎಂದುಕೊಳ್ಳಿ. ಇಬ್ಬರಿಗೂ ವಯಸ್ಸು ಮೂವತ್ತರ ಆಸುಪಾಸು. ಇಬ್ಬರ ಎತ್ತರವೂ 165 ಸೆಂಟಿಮೀಟರ್, ಇಬ್ಬರ ತೂಕವೂ 82 ಕಿಲೋಗ್ರಾಂ. ತೂಕದ ಯಂತ್ರದ ಮಟ್ಟಿಗೆ ಇವರಿಬ್ಬರಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಈ ಹೆಚ್ಚಿನ ತೂಕ ಇಬ್ಬರ ಮೂತ್ರಪಿಂಡಗಳಿಗೂ ಒಂದೇ ರೀತಿಯ ಹೊರೆಯಾಗುತ್ತದೆಯೇ? ಇಲ್ಲವಾದರೆ ಯಾರಿಗೆ ಅಪಾಯ ಹೆಚ್ಚು? ಯಾವ ವಯಸ್ಸಿನಲ್ಲಿ ಹೆಚ್ಚು? ಇವತ್ತಿನ ನಮ್ಮ ಮಾತು ಈ ಪ್ರಶ್ನೆಗಳನ್ನು ಕುರಿತದ್ದು.

ಬೊಜ್ಜು ಎಂದೊಡನೆ ನಮಗೆ ಹೃದಯ ನೆನಪಾಗುತ್ತದೆ, ಸಕ್ಕರೆ ಕಾಯಿಲೆ ನೆನಪಾಗುತ್ತದೆ, ಮಂಡಿನೋವು ನೆನಪಾಗುತ್ತದೆ. ಮೂತ್ರಪಿಂಡ ನೆನಪಾಗುವುದು ಅಪರೂಪ. ಕಲ್ಲು ಕಟ್ಟಿದಾಗಲೋ ಸೋಂಕು ತಗುಲಿದಾಗಲೋ ನೋವು ಕೊಡುವ ಈ ಅಂಗ, ನಿಧಾನವಾಗಿ ಸವೆಯುವಾಗ ಸದ್ದೇ ಮಾಡುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡ ಮೇಲೂ ಮನುಷ್ಯ ಎಂದಿನಂತೆ ಓಡಾಡಿಕೊಂಡು ಇರಬಲ್ಲ. ಪ್ರತಿ ವರ್ಷ ಮಾರ್ಚ್ ತಿಂಗಳಿನಲ್ಲಿ ವಿಶ್ವ ಮೂತ್ರಪಿಂಡ ದಿನವನ್ನು ಆಚರಿಸುತ್ತಾರೆ. 2017ರಲ್ಲಿ ಆ ದಿನಕ್ಕೆ ಆರಿಸಿಕೊಂಡ ವಿಷಯ ಬೊಜ್ಜು. ಮರುವರ್ಷ, 2018ರಲ್ಲಿ, ಅದು ಮಾರ್ಚ್ 8ರಂದು, ಅಂದರೆ ಅಂತರರಾಷ್ಟ್ರೀಯ ಮಹಿಳಾ ದಿನದಂದೇ ಬಂತು. ಆ ವರ್ಷದ ವಿಷಯ ಮಹಿಳೆಯರ ಮೂತ್ರಪಿಂಡದ ಆರೋಗ್ಯ. ಈ ಎರಡು ವಿಷಯಗಳೂ ಕೂಡುವ ಸ್ಥಳದಲ್ಲಿ ನಾವು ಇವತ್ತು ನಿಂತಿದ್ದೇವೆ.

ಮೊದಲು ಮೂತ್ರಪಿಂಡದ ಕೆಲಸವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ನಮ್ಮ ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಅವರೆಕಾಳಿನ ಆಕಾರದ, ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಹೃದಯ ಪ್ರತಿ ಬಾರಿ ಪಂಪು ಮಾಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಈ ಎರಡು ಪುಟ್ಟ ಅಂಗಗಳಿಗೇ ಹೋಗುತ್ತದೆ. ದಿನವೊಂದಕ್ಕೆ ಅವು ಸೋಸುವ ದ್ರವ ಸುಮಾರು 180 ಲೀಟರ್. ಅದರಲ್ಲಿ ಬೇಕಾದದ್ದನ್ನೆಲ್ಲ ಮತ್ತೆ ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ.

ಸೋಸುವ ಕೆಲಸ ನಡೆಯುವುದು ನೆಫ್ರಾನ್ ಎಂಬ ಸೂಕ್ಷ್ಮ ಘಟಕಗಳಲ್ಲಿ. ಒಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನುಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳು ದಾರದುಂಡೆಯಂತೆ ಸುತ್ತಿಕೊಂಡಿರುತ್ತವೆ. ಈ ಉಂಡೆಗೆ ಗ್ಲೊಮೆರುಲಸ್ ಎಂದು ಹೆಸರು. ಇದೇ ನಮ್ಮ ಜರಡಿ. ಈ ಜರಡಿಯ ಹೊರಮೈಯನ್ನು ಪೋಡೊಸೈಟ್ ಎಂಬ ಕೋಶಗಳು ತಮ್ಮ ಬೆರಳುಗಳಂಥ ಚಾಚುಗಳಿಂದ ತಬ್ಬಿ ಹಿಡಿದಿರುತ್ತವೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಸೋರಿಹೋಗದಂತೆ ಕಾಯುವುದು ಈ ಕೋಶಗಳ ಕೆಲಸ.

ಇಲ್ಲಿ ಎರಡು ಸಂಗತಿಗಳನ್ನು ಗಮನದಲ್ಲಿಡಿ. ಒಂದು, ನೆಫ್ರಾನುಗಳ ಸಂಖ್ಯೆ ನಾವು ಹುಟ್ಟುವ ಹೊತ್ತಿಗೆ ನಿರ್ಧಾರವಾಗಿಬಿಟ್ಟಿರುತ್ತದೆ. ಆಮೇಲೆ ಒಂದೇ ಒಂದು ಹೊಸ ನೆಫ್ರಾನೂ ಹುಟ್ಟುವುದಿಲ್ಲ. ಎರಡು, ಪೋಡೊಸೈಟುಗಳು ಚರ್ಮದ ಕೋಶಗಳಂತೆ ಒಡೆದು ಹೆಚ್ಚಾಗುವ ಜಾತಿಯವಲ್ಲ. ಕಳೆದುಹೋದದ್ದನ್ನು ತುಂಬುವುದು ಬಲು ಕಷ್ಟ. ಇದು ತಂದೆ ತಾಯಿಯಿಂದ ಬಂದ ಇಡುಗಂಟು ಇದ್ದಂತೆ. ಖರ್ಚು ಮಾಡಬಹುದು, ಹೊಸದಾಗಿ ಸಂಪಾದಿಸಲು ಸಾಧ್ಯವಿಲ್ಲ.

ಈಗ ದೇಹದ ತೂಕ ಹೆಚ್ಚಿತು ಎಂದುಕೊಳ್ಳಿ. ದೇಹ ದೊಡ್ಡದಾಯಿತು, ರಕ್ತದ ಪ್ರಮಾಣ ಹೆಚ್ಚಾಯಿತು, ಹೊರಹಾಕಬೇಕಾದ ಕಶ್ಮಲವೂ ಹೆಚ್ಚಾಯಿತು. ಆದರೆ ನೆಫ್ರಾನುಗಳು ಅಷ್ಟೇ ಇವೆ. ಇರುವ ನೆಫ್ರಾನುಗಳೇ ಹೆಚ್ಚು ದುಡಿಯಬೇಕು. ಹತ್ತು ಜನ ಮಾಡುತ್ತಿದ್ದ ಕೆಲಸಕ್ಕೆ ಹದಿನೈದು ಜನರ ಕೆಲಸ ಬಂದು ಸೇರಿದಂತೆ. ಜೊತೆಗೆ, ಬೊಜ್ಜಿರುವ ದೇಹದಲ್ಲಿ ನೆಫ್ರಾನಿನ ಮೊದಲ ಭಾಗವು ಉಪ್ಪನ್ನು ಅತಿಯಾಗಿ ಹಿಂದಕ್ಕೆ ಹೀರಿಕೊಳ್ಳುತ್ತದೆ. ಮುಂದಿನ ಭಾಗದಲ್ಲಿರುವ ಕಾವಲು ಕೋಶಗಳಿಗೆ ತಲುಪುವ ಉಪ್ಪು ಕಡಿಮೆಯಾಗುತ್ತದೆ. ಸೋಸುವ ಕೆಲಸ ಸಾಲದಾಗಿದೆ ಎಂದು ಅವು ಸಂದೇಶ ಕಳಿಸುತ್ತವೆ. ಒಳಬರುವ ರಕ್ತನಾಳ ಅಗಲವಾಗುತ್ತದೆ. ಜರಡಿಯ ಮೇಲಿನ ಒತ್ತಡ ಏರುತ್ತದೆ. ಈ ಸ್ಥಿತಿಯನ್ನು ಅತಿಸೋಸುವಿಕೆ ಎಂದು ಕರೆಯಬಹುದು.

ಅತಿಸೋಸುವಿಕೆಯ ಆರಂಭದಲ್ಲಿ ರೋಗಿಗೆ ಏನೂ ತಿಳಿಯುವುದಿಲ್ಲ. ಪರೀಕ್ಷೆ ಮಾಡಿದರೆ ಮೂತ್ರಪಿಂಡ ಎಂದಿಗಿಂತ ಚುರುಕಾಗಿರುವಂತೆಯೇ ಕಾಣುತ್ತದೆ! ಆದರೆ ಒಳಗೆ ಗ್ಲೊಮೆರುಲಸ್ ಉಬ್ಬುತ್ತದೆ. ಅದನ್ನು ತಬ್ಬಿರುವ ಪೋಡೊಸೈಟುಗಳು ಹಿಗ್ಗಿದ ಉಂಡೆಯನ್ನು ಸುತ್ತಲಾರದೆ ಹಿಡಿತ ಬಿಡುತ್ತವೆ. ಆ ಬಿರುಕಿನಲ್ಲಿ ಆಲ್ಬುಮಿನ್ ಸೋರುತ್ತದೆ. ಕೊನೆಗೆ ಆ ಜಾಗದಲ್ಲಿ ಗಾಯದ ಕಲೆ ಕಟ್ಟಿ ಒಂದು ನೆಫ್ರಾನು ಮುಚ್ಚಿಹೋಗುತ್ತದೆ. ಅದರ ಪಾಲಿನ ಕೆಲಸ ಪಕ್ಕದ ನೆಫ್ರಾನಿನ ಹೆಗಲಿಗೆ ಬೀಳುತ್ತದೆ. ಹೀಗೆ ಒಂದರ ಹಿಂದೆ ಒಂದು.

ಅತಿಯಾದ ಬೊಜ್ಜಿನವರ ಮೂತ್ರದಲ್ಲಿ ಪ್ರೋಟೀನು ಸೋರುವುದನ್ನು ವೈದ್ಯರು 1974ರಲ್ಲಿಯೇ ವರದಿ ಮಾಡಿದ್ದರು. ಆಗ ಅದು ಅಪರೂಪದ ಸಂಗತಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಜ್ಞರು 1986ರಿಂದ 2000ದವರೆಗೆ ತಮ್ಮಲ್ಲಿಗೆ ಬಂದ 6,818 ಮೂತ್ರಪಿಂಡದ ಅಂಗಾಂಶ ಪರೀಕ್ಷೆಗಳನ್ನು ತಿರುವಿ ನೋಡಿದರು. ಮೊದಲ ಐದು ವರ್ಷಗಳಲ್ಲಿ ಬೊಜ್ಜಿನಿಂದಾದ ಮೂತ್ರಪಿಂಡ ರೋಗ ಸಾವಿರಕ್ಕೆ ಎರಡು. ಕೊನೆಯ ಐದು ವರ್ಷಗಳಲ್ಲಿ ಸಾವಿರಕ್ಕೆ ಇಪ್ಪತ್ತು. ಅಂದರೆ ಹತ್ತು ಪಟ್ಟು! ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳ ಮೂಲಕ ಬೊಜ್ಜು ಮಾಡುವ ಹಾನಿ ಇದಕ್ಕೆ ಹೊರತಾದದ್ದು.

ಇಷ್ಟರವರೆಗೆ ಹೇಳಿದ್ದು ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುವ ಮಾತು. ಇನ್ನು ನಮ್ಮ ಅಣ್ಣ ತಂಗಿಯರ ಪ್ರಶ್ನೆಗೆ ಬರೋಣ.

ಮೊದಲು ಅಳತೆಗೋಲನ್ನೇ ಪರೀಕ್ಷಿಸಬೇಕು. ತೂಕವನ್ನು ಕಿಲೋಗ್ರಾಮಿನಲ್ಲಿ ತೆಗೆದುಕೊಂಡು, ಅದನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ಬಿ.ಎಂ.ಐ., ಅಂದರೆ ದೇಹತೂಕ ಸೂಚ್ಯಂಕ. ನಮ್ಮ ಅಣ್ಣ ತಂಗಿಯರಿಗೆ ಈ ಲೆಕ್ಕ ಮಾಡಿ ನೋಡಿ. 30ಕ್ಕೆ ತುಸು ಮೇಲೆ ಬರುತ್ತದೆ. ಈ ಸೂತ್ರವನ್ನು 1832ರಲ್ಲಿ ಕೊಟ್ಟವನು ಬೆಲ್ಜಿಯಂ ದೇಶದ ಅಡಾಲ್ಫ್ ಕ್ವೆಟೆಲೆ. ಅವನು ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದ ವಿದ್ವಾಂಸ. ಜನಸಮುದಾಯದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂಬುದು ಅವನ ಕುತೂಹಲವಾಗಿತ್ತು. ದೇಹತೂಕ ಸೂಚ್ಯಂಕ ಎಂಬ ಈಗಿನ ಹೆಸರನ್ನು 1972ರಲ್ಲಿ ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್. ಈ ಸೂತ್ರ ತೂಕ ಎಷ್ಟು ಎಂದು ಹೇಳುತ್ತದೆ. ಅದರಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು, ಕೊಬ್ಬು ಕೂತಿರುವುದು ಎಲ್ಲಿ ಎಂದು ಹೇಳುವುದಿಲ್ಲ. ಒಂದೇ ಸೂಚ್ಯಂಕವಿರುವ ಗಂಡು ಹೆಣ್ಣುಗಳಲ್ಲಿ ಸಾಮಾನ್ಯವಾಗಿ ಹೆಣ್ಣಿನ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚು, ಗಂಡಿನ ದೇಹದಲ್ಲಿ ಸ್ನಾಯುವಿನ ಪಾಲು ಹೆಚ್ಚು. ಹಾಗೆ ನೋಡಿದರೆ ಹೆಣ್ಣಿಗೇ ಹೆಚ್ಚು ಹಾನಿಯಾಗಬೇಕಲ್ಲವೇ?

ಈ ಒಗಟಿಗೆ ದಾರಿ ತೋರಿಸಿದವರು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್. 1947ರಲ್ಲಿ ಅವರು ಬೊಜ್ಜನ್ನು ಅದು ಸೇರುವ ಜಾಗದ ಮೇಲಿಂದ ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ಹೊಟ್ಟೆ ಮತ್ತು ದೇಹದ ಮೇಲ್ಭಾಗದಲ್ಲಿ ಸೇರುವ ಬೊಜ್ಜು. ಇದು ಗಂಡಸರ ಮಾದರಿ. ಇನ್ನೊಂದು, ಸೊಂಟದ ಕೆಳಗೆ ಪೃಷ್ಠ ಮತ್ತು ತೊಡೆಗಳಲ್ಲಿ ಸೇರುವ ಬೊಜ್ಜು. ಇದು ಹೆಂಗಸರ ಮಾದರಿ. ಸಕ್ಕರೆ ಕಾಯಿಲೆಯೂ ರಕ್ತನಾಳಗಳ ರೋಗವೂ ಮೊದಲನೆಯ ಮಾದರಿಯ ಜೊತೆಗೇ ಹೆಚ್ಚಾಗಿ ಬರುತ್ತವೆ ಎಂದು ಅವರು ಗುರುತಿಸಿದರು. ಅವರ ಮಾತನ್ನು ವೈದ್ಯಲೋಕ ಗಂಭೀರವಾಗಿ ತೆಗೆದುಕೊಳ್ಳಲು ಹಲವು ದಶಕಗಳೇ ಬೇಕಾದವು.

ಜಾಗದಿಂದ ಏನು ವ್ಯತ್ಯಾಸವಾಗುತ್ತದೆ? ತೊಡೆಯ ಚರ್ಮದ ಕೆಳಗಿನ ಕೊಬ್ಬು ಕಣಜದಲ್ಲಿ ತುಂಬಿಟ್ಟ ಭತ್ತದ ಹಾಗೆ. ಬಹುಮಟ್ಟಿಗೆ ತನ್ನ ಪಾಡಿಗೆ ತಾನಿರುತ್ತದೆ. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂಡುವ ಕೊಬ್ಬು ಸುಮ್ಮನಿರುವುದಿಲ್ಲ. ಅದು ಕೊಬ್ಬಿನಾಮ್ಲಗಳನ್ನು ನೇರವಾಗಿ ಯಕೃತ್ತಿಗೆ ಹರಿಸುತ್ತದೆ, ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಮಾತಿಗೆ ದೇಹ ಕಿವಿಗೊಡದಂತೆ ಮಾಡುತ್ತದೆ. ರಕ್ತದೊತ್ತಡ ಏರಿಸುವ ಆಂಜಿಯೊಟೆನ್ಸಿನ್ ಎಂಬ ವಸ್ತುವಿನ ಮೂಲದ್ರವ್ಯವನ್ನೂ ಕೊಬ್ಬಿನ ಕೋಶಗಳು ತಯಾರಿಸುತ್ತವೆ. ಆಂಜಿಯೊಟೆನ್ಸಿನ್ ಗ್ಲೊಮೆರುಲಸ್ಸಿನಿಂದ ಹೊರಹೋಗುವ ನಾಳವನ್ನು ಬಿಗಿ ಹಿಡಿಯುತ್ತದೆ. ಒಳಬರುವ ಬಾಗಿಲು ಅಗಲ, ಹೊರಹೋಗುವ ಬಾಗಿಲು ಕಿರಿದು. ನಡುವೆ ಸಿಕ್ಕ ಜರಡಿಯ ಪಾಡು ಏನಾಗಬೇಕು, ನೀವೇ ಊಹಿಸಿ.

ಇದರ ಮೇಲೆ ಹಾರ್ಮೋನುಗಳ ಪಾತ್ರ. ಹೆಣ್ಣಿನ ದೇಹದ ಈಸ್ಟ್ರೊಜೆನ್ ಹಾರ್ಮೋನು ಕೊಬ್ಬನ್ನು ಹೊಟ್ಟೆಯ ಕಡೆಗಿಂತ ತೊಡೆಯ ಕಡೆಗೆ ಕಳಿಸುತ್ತದೆ. ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಗೆ ನೆರವಾಗುತ್ತದೆ. ಆಂಜಿಯೊಟೆನ್ಸಿನ್ನಿನ ಅಬ್ಬರವನ್ನು ತಗ್ಗಿಸುತ್ತದೆ. ಮೂತ್ರಪಿಂಡದಲ್ಲಿ ಗಾಯದ ಕಲೆ ಕಟ್ಟುವುದನ್ನು ನಿಧಾನಗೊಳಿಸುತ್ತದೆ. ಗಂಡಿನ ಟೆಸ್ಟೊಸ್ಟೆರಾನ್ ಇವುಗಳಲ್ಲಿ ಕೆಲವನ್ನು ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಪ್ರಯೋಗಶಾಲೆಯ ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ವಯಸ್ಸಾದಂತೆ ಗಂಡಿಲಿಗಳ ಗ್ಲೊಮೆರುಲಸ್ಸುಗಳು ಹೆಣ್ಣಿಲಿಗಳದಕ್ಕಿಂತ ಬೇಗ ಕೆಡುತ್ತವೆ. ವೃಷಣ ತೆಗೆದ ಗಂಡಿಲಿಗಳಲ್ಲಿ ಈ ಹಾನಿ ಕಡಿಮೆ.

ಮನುಷ್ಯರಲ್ಲಿ ಹೇಗೆ? ಈಗ ಮೂರು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಜಪಾನಿನ ಒಕಿನಾವಾ ದ್ವೀಪದಲ್ಲಿ 1983ರಲ್ಲಿ ಸಾರ್ವಜನಿಕ ಆರೋಗ್ಯ ತಪಾಸಣೆಗೆ ಒಳಗಾದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹದಿನೇಳು ವರ್ಷಗಳ ಕಾಲ ಗಮನಿಸಿದರು. ಗಂಡಸರಲ್ಲಿ ಬಿ.ಎಂ.ಐ. ಹೆಚ್ಚಿದಂತೆ ಡಯಾಲಿಸಿಸ್ ಹಂತ ತಲುಪುವ ಅಪಾಯವೂ ಹೆಚ್ಚಿತು. ಹೆಂಗಸರಲ್ಲಿ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ. ಇದು 2004ರಲ್ಲಿ ಪ್ರಕಟವಾಯಿತು. ಎರಡನೆಯದು ಸ್ವೀಡನ್ನಿನದು, 2006ರಲ್ಲಿ ಪ್ರಕಟವಾದದ್ದು. ಮೂತ್ರಪಿಂಡ ಕೆಟ್ಟ 926 ಮಂದಿಯನ್ನು ಆರೋಗ್ಯವಂತರಾದ 998 ಮಂದಿಯ ಜೊತೆ ಹೋಲಿಸಿದರು. ಗಂಡಸರಲ್ಲಿ ಬಿ.ಎಂ.ಐ. 30 ಮುಟ್ಟಿದರೆ ಅಪಾಯ ಮೂರು ನಾಲ್ಕು ಪಟ್ಟು ಏರುತ್ತಿತ್ತು. ಹೆಂಗಸರಲ್ಲಿ ಅಷ್ಟೇ ಏರಿಕೆ ಕಂಡದ್ದು 35ನ್ನು ಮುಟ್ಟಿದಾಗ. ಈ ಎರಡನ್ನು ಓದಿದವರು ಹೆಣ್ಣಿಗೆ ರಕ್ಷೆಯಿದೆ ಎಂದು ನಿರ್ಧರಿಸಿಬಿಡಬಹುದು.

ಮೂರನೆಯದನ್ನು ನೋಡಿ. 2008ರಲ್ಲಿ ಸಂಶೋಧಕರು ಅದುವರೆಗಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಬೊಜ್ಜಿನಿಂದ ಮೂತ್ರಪಿಂಡ ರೋಗದ ಅಪಾಯ ಗಂಡಸರಲ್ಲಿ ಸುಮಾರು ಒಂದೂವರೆ ಪಟ್ಟು, ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಎಂದು ಬಂತು. ಇಲ್ಲಿ ಹೆಣ್ಣಿಗೇ ಹೆಚ್ಚು!

ಹಾಗಾದರೆ ಯಾವುದು ನಿಜ? ವಿಜ್ಞಾನದಲ್ಲಿ ಇಂಥ ಸಂದರ್ಭ ಬಂದಾಗ ಒಂದನ್ನು ಸುಳ್ಳೆಂದು ತಳ್ಳುವ ಅವಸರ ಮಾಡಬಾರದು. ಅವರು ಅಳೆದದ್ದೇನು ಎಂದು ಕೇಳಬೇಕು. ಒಕಿನಾವಾದವರು ಎಣಿಸಿದ್ದು ಡಯಾಲಿಸಿಸ್ ಎಂಬ ಕೊನೆಯ ಹಂತವನ್ನು. ಸ್ವೀಡನ್ನಿನವರು ನೋಡಿದ್ದು ಮೂತ್ರಪಿಂಡ ಸಾಕಷ್ಟು ಕೆಟ್ಟವರನ್ನು. ಮೂರನೆಯ ಲೆಕ್ಕದಲ್ಲಿ ಆರಂಭದ ಹಂತದ ರೋಗವೂ ಸೇರಿದೆ. ಜಗತ್ತಿನ ಅನೇಕ ದೇಶಗಳಲ್ಲಿ ಕಂಡುಬಂದಿರುವ ಒಂದು ಸಂಗತಿಯನ್ನು ಇದಕ್ಕೆ ಸೇರಿಸಿ: ದೀರ್ಘಕಾಲದ ಮೂತ್ರಪಿಂಡ ರೋಗ ಇರುವವರಲ್ಲಿ ಹೆಂಗಸರು ಹೆಚ್ಚು, ಅದು ವೇಗವಾಗಿ ಕೊನೆಯ ಹಂತ ತಲುಪುವವರಲ್ಲಿ ಗಂಡಸರು ಹೆಚ್ಚು. ಇನ್ನೊಂದು ಮುಖ್ಯ ಅಂಶ ವಯಸ್ಸು. ಇಪ್ಪತ್ತೈದರ ಹೆಣ್ಣೂ ಅರವತ್ತರ ಹೆಣ್ಣೂ ಈ ವಿಷಯದಲ್ಲಿ ಒಂದೇ ಅಲ್ಲ. ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದರೆ ಉತ್ತರ ಕಲಸುಮೇಲೋಗರವಾಗುತ್ತದೆ.

ನನ್ನ ಮಾತಿನ ತಿರುಳು ಇಲ್ಲಿದೆ. ಹೆಣ್ಣಿನ ದೇಹಕ್ಕೆ ಒಂದು ರಕ್ಷೆ ಇರುವುದು ನಿಜ. ಅದು ಸಾಲವಾಗಿ ಬಂದ ರಕ್ಷೆ. ಅದಕ್ಕೆ ಅವಧಿ ಇದೆ. ಮುಟ್ಟು ನಿಲ್ಲುವ ವಯಸ್ಸಿಗೆ, ಅಂದರೆ ನಲವತ್ತೈದು ಐವತ್ತರ ಸುಮಾರಿಗೆ, ಈಸ್ಟ್ರೊಜೆನ್ ಇಳಿಯುತ್ತದೆ. ಆಗ ತೂಕ ಹೆಚ್ಚದಿದ್ದರೂ ಕೊಬ್ಬು ತೊಡೆಯಿಂದ ಹೊಟ್ಟೆಯ ಕಡೆಗೆ ಜಾಗ ಬದಲಿಸುತ್ತದೆ. ಅಲ್ಲಿಯವರೆಗೆ ಕಣಜದಲ್ಲಿದ್ದದ್ದು ಅಂಗಳಕ್ಕೆ ಬಂದು ಗಲಾಟೆ ಆರಂಭಿಸುತ್ತದೆ. ಮೂವತ್ತರಲ್ಲಿ ಅಣ್ಣನಿಗಿಂತ ಸುರಕ್ಷಿತಳಾಗಿದ್ದ ತಂಗಿ, ಅದೇ ತೂಕವನ್ನು ಹೊತ್ತು ಐವತ್ತೈದನ್ನು ತಲುಪಿದಾಗ ಆ ಅನುಕೂಲವನ್ನು ಬಹುಪಾಲು ಕಳೆದುಕೊಂಡಿರುತ್ತಾಳೆ. ಹೆಣ್ಣಿನ ಮೂತ್ರಪಿಂಡಗಳು ಗಾತ್ರದಲ್ಲಿ ತುಸು ಚಿಕ್ಕವು, ನೆಫ್ರಾನುಗಳೂ ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಎಂಬುದೂ ಆಗ ಲೆಕ್ಕಕ್ಕೆ ಬರುತ್ತದೆ.

ಬಸಿರಿನ ಕಾಲವೂ ಒಂದು ಪರೀಕ್ಷೆಯೇ. ಬೊಜ್ಜು ಇರುವ ಹೆಂಗಸರಲ್ಲಿ ಬಸಿರಿನ ಕೊನೆಯ ತಿಂಗಳುಗಳಲ್ಲಿ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಹೋಗುವ ತೊಂದರೆ, ಅಂದರೆ ಪ್ರೀ-ಎಕ್ಲಾಂಪ್ಸಿಯಾ, ಹೆಚ್ಚು. ಹೆರಿಗೆಯಾದ ಮೇಲೆ ಎಲ್ಲವೂ ಸರಿಹೋಯಿತೆಂದು ಮನೆಯವರು ಮರೆಯುತ್ತಾರೆ. ನಾರ್ವೆ ದೇಶದಲ್ಲಿ 1967ರಿಂದ ಎಲ್ಲ ಹೆರಿಗೆಗಳ ದಾಖಲೆ ಇಟ್ಟಿದ್ದಾರೆ. ಆ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಬಸಿರಿನಲ್ಲಿ ಈ ತೊಂದರೆ ಕಂಡ ಹೆಂಗಸರಲ್ಲಿ ಮುಂದೆಂದಾದರೂ ಮೂತ್ರಪಿಂಡ ವಿಫಲವಾಗುವ ಅಪಾಯ ನಾಲ್ಕು ಪಟ್ಟಿಗಿಂತ ಹೆಚ್ಚು. ಒಟ್ಟು ಸಂಖ್ಯೆ ಚಿಕ್ಕದೇ. ಆದರೂ ಅಂಥ ತಾಯಂದಿರು ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಈಗ ನಮ್ಮ ನೆಲಕ್ಕೆ ಬರೋಣ. ಭಾರತೀಯರ ದೇಹದ ಒಂದು ವಿಶೇಷವನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಒಂದು ಚಿತ್ರದ ಮೂಲಕ ತೋರಿಸಿದರು. ಒಂದು ಕಡೆ ಅವರು, ಇನ್ನೊಂದು ಕಡೆ ಅವರ ಬ್ರಿಟಿಷ್ ಗೆಳೆಯ ಜಾನ್ ಯಡ್ಕಿನ್. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ದೇಹದ ಕೊಬ್ಬು ಯಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ನಾವು ತೆಳ್ಳಗೆ ಕಾಣುತ್ತೇವೆ, ಒಳಗೆ ಕೊಬ್ಬು ಇರುತ್ತದೆ.

ಇದು ಹುಟ್ಟಿನಿಂದಲೇ ಬಂದದ್ದು ಎಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ಸಾಕ್ಷಿ ದೊರೆತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೂ ಮಕ್ಕಳ ಜನನ ತೂಕದ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಅಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭಿಸಿದ ಅಧ್ಯಯನದಲ್ಲಿ ಅವರಿಗೆ ಹುಟ್ಟಿದ ಮಕ್ಕಳನ್ನು ಬೆಳೆಯುತ್ತಾ ಹೋದಂತೆ ಅಳೆದರು. ಬ್ರಿಟನ್ನಿನ ಮಕ್ಕಳಿಗಿಂತ ಈ ಮಕ್ಕಳು ತೂಕದಲ್ಲಿ, ಎತ್ತರದಲ್ಲಿ ಚಿಕ್ಕವರು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆ ಇರಲಿಲ್ಲ. ನಾಲ್ಕನೆಯ ವಯಸ್ಸಿಗೆ ಬ್ರಿಟಿಷ್ ಮಕ್ಕಳದನ್ನು ಮೀರಿಸಿತ್ತು.

ಇದಕ್ಕೂ ಮೂತ್ರಪಿಂಡಕ್ಕೂ ಏನು ಸಂಬಂಧ? ಹುಟ್ಟುವಾಗಿನ ತೂಕ ಒಂದು ಕಿಲೋ ಹೆಚ್ಚಿದ್ದರೆ ಪ್ರತಿ ಮೂತ್ರಪಿಂಡದಲ್ಲಿ ಸರಾಸರಿ ಎರಡೂವರೆ ಲಕ್ಷದಷ್ಟು ನೆಫ್ರಾನುಗಳು ಹೆಚ್ಚಿರುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಕಡಿಮೆ ತೂಕದ ಮಗು ಕಡಿಮೆ ಇಡುಗಂಟಿನೊಂದಿಗೆ ಬದುಕು ಆರಂಭಿಸುತ್ತದೆ. ಮುಂದೆ ಅದೇ ಮಗು ದೊಡ್ಡದಾಗಿ, ಕುರ್ಚಿಯ ಕೆಲಸ ಹಿಡಿದು ಹೊಟ್ಟೆ ಬೆಳೆಸಿದರೆ, ಕಡಿಮೆ ನೆಫ್ರಾನುಗಳ ಮೇಲೆ ಹೆಚ್ಚಿನ ಹೊರೆ ಬೀಳುತ್ತದೆ. ಬಾಲ್ಯದ ಬಡತನ ಮತ್ತು ನಡುವಯಸ್ಸಿನ ಸಮೃದ್ಧಿ ಎರಡನ್ನೂ ಒಂದೇ ಜೀವಮಾನದಲ್ಲಿ ಕಂಡ ನಮ್ಮಂಥ ಸಮಾಜಕ್ಕೆ ಇದು ಗಂಭೀರ ವಿಷಯ.

ಹೀಗಾಗಿ ನಮ್ಮವರಿಗೆ ಅಳತೆಗಳೂ ಬೇರೆ. ಭಾರತೀಯ ವಯಸ್ಕರಿಗೆ ಬಿ.ಎಂ.ಐ. 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದರು. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಕುತೂಹಲದ ಅಂಶವಿದೆ. ಬಿ.ಎಂ.ಐ. 25 ಅಥವಾ ಅದಕ್ಕಿಂತ ಹೆಚ್ಚಿದ್ದ ಹೆಂಗಸರು ದೇಶದಲ್ಲಿ ಶೇಕಡ 24, ಗಂಡಸರು ಶೇಕಡ 23ರಷ್ಟು. ಹೆಚ್ಚುಕಡಿಮೆ ಸಮ. ಆದರೆ ಸೊಂಟ ಮತ್ತು ಪೃಷ್ಠದ ಸುತ್ತಳತೆಗಳ ಅನುಪಾತ ಅಪಾಯದ ಮಟ್ಟದಲ್ಲಿದ್ದವರು ಹೆಂಗಸರಲ್ಲಿ ಶೇಕಡ 57ರಷ್ಟು, ಗಂಡಸರಲ್ಲಿ ಶೇಕಡ 48ರಷ್ಟು! ತೂಕದ ಯಂತ್ರ ಕಾಣದ್ದನ್ನು ದರ್ಜಿಯ ಟೇಪು ಕಾಣುತ್ತದೆ. ಹೆಂಗಸರ ಬೊಜ್ಜು ತೊಡೆಯಲ್ಲಿರುತ್ತದೆ, ಅಪಾಯವಿಲ್ಲ ಎಂದು ನಮ್ಮ ದೇಶದಲ್ಲಿ ನೆಮ್ಮದಿಯಿಂದ ಕೂರುವಂತಿಲ್ಲ.

ಇನ್ನೊಂದು ಬಲೆ ಇದೆ. ಅದು ಪರೀಕ್ಷೆಯ ವರದಿಯಲ್ಲಿ ಅಡಗಿದೆ. ಮೂತ್ರಪಿಂಡದ ಶಕ್ತಿಯನ್ನು ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಇದು ಸ್ನಾಯುಗಳಿಂದ ಬರುವ ಕಶ್ಮಲ. ಹೆಂಗಸರಲ್ಲಿ ಸ್ನಾಯು ಕಡಿಮೆಯಾದ್ದರಿಂದ ಕ್ರಿಯಾಟಿನಿನ್ನೂ ಕಡಿಮೆ ಇರಬೇಕು. ಐವತ್ತು ವರ್ಷದ ಒಬ್ಬ ಗಂಡಸು, ಒಬ್ಬ ಹೆಂಗಸು ಇಬ್ಬರಿಗೂ ಕ್ರಿಯಾಟಿನಿನ್ 1.2 ಬಂತು ಎನ್ನಿ. 2021ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಹಾಕಿದರೆ ಗಂಡಸಿನ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 74 ಮಿಲಿಲೀಟರ್, ಹೆಂಗಸಿನದು ಸುಮಾರು 55. ಇದು 60ಕ್ಕಿಂತ ಕೆಳಗೆ ಮೂರು ತಿಂಗಳು ಇದ್ದರೆ ಅದನ್ನು ರೋಗವೆಂದು ಪರಿಗಣಿಸುತ್ತಾರೆ. ಅದೇ ಅಂಕಿ ಒಬ್ಬನಿಗೆ ಸಮಾಧಾನ, ಇನ್ನೊಬ್ಬಳಿಗೆ ಎಚ್ಚರಿಕೆ. 1.2 ಅಂದರೆ ನಾರ್ಮಲ್ ಎಂದು ವರದಿಯನ್ನು ಮಡಿಸಿ ಕಪಾಟಿನಲ್ಲಿಟ್ಟರೆ, ಆ ತಾಯಿಯ ರೋಗ ಕೆಲವು ವರ್ಷ ಕತ್ತಲೆಯಲ್ಲಿಯೇ ಬೆಳೆಯುತ್ತದೆ.

ಇಲ್ಲಿ ದೇಹಶಾಸ್ತ್ರ ಮುಗಿದು ಸಮಾಜಶಾಸ್ತ್ರ ಆರಂಭವಾಗುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಮೂತ್ರಪಿಂಡ ದಾನ ಮಾಡುವವರಲ್ಲಿ ಹೆಚ್ಚಿನವರು ತಾಯಂದಿರು ಮತ್ತು ಹೆಂಡತಿಯರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಗಂಡಸರ ರೋಗ ವೇಗವಾಗಿ ಹೆಚ್ಚುವುದು ಇದಕ್ಕೆ ಒಂದು ಕಾರಣ, ನಿಜ. ಹೆಣ್ಣಿನ ಕಾಯಿಲೆಗೆ ಮನೆಯವರೂ, ಅವಳೂ ಕೊಡುವ ಬೆಲೆ ಕಡಿಮೆ ಎಂಬುದು ಇನ್ನೊಂದು ಕಾರಣ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಅಮ್ಮ, ಎಲ್ಲರ ತಪಾಸಣೆಯಾದ ಮೇಲೂ ತನ್ನ ತಪಾಸಣೆಯನ್ನು ಮುಂದಕ್ಕೆ ಹಾಕುತ್ತಾಳೆ.

ಮಿತ್ರರೇ, ಭಯಪಡಿಸುವುದು ನನ್ನ ಉದ್ದೇಶವಲ್ಲ. ಸಮಾಧಾನದ ಸಂಗತಿಯೂ ಇದೆ. ಅತಿಸೋಸುವಿಕೆ ಬಹುಮಟ್ಟಿಗೆ ಹಿಂದಿರುಗಬಲ್ಲದು. ಇಸ್ರೇಲಿನಲ್ಲಿ ಬಹಳ ಬೊಜ್ಜಿದ್ದ ಎಂಟು ಮಂದಿ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸಿದಾಗ ಅವರ ಸೋಸುವ ಪ್ರಮಾಣ ನಿಮಿಷಕ್ಕೆ 145 ಮಿಲಿಲೀಟರಿನಿಂದ 110ಕ್ಕೆ, ಅಂದರೆ ಸಹಜ ಮಟ್ಟಕ್ಕೆ ಬಂತು. ಸ್ಪೇನಿನಲ್ಲಿ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದ ರೋಗಿಗಳು ಪಥ್ಯದಿಂದ ತೂಕದ ಶೇಕಡ 4ರಷ್ಟನ್ನು ಮಾತ್ರ ಇಳಿಸಿದರು. ಸೋರುವ ಪ್ರೋಟೀನು ಸುಮಾರು ಶೇಕಡ 30ರಷ್ಟು ತಗ್ಗಿತು. ಈ ಎರಡೂ 2003ರ ಸಣ್ಣ ಅಧ್ಯಯನಗಳು; ಆದರೆ ಆಮೇಲಿನ ಅನುಭವ ಅವುಗಳನ್ನು ಸಮರ್ಥಿಸಿದೆ. ಎಂಬತ್ತು ಕಿಲೋ ಇರುವವರು ಮೂರು ಕಿಲೋ ಇಳಿಸುವುದು ಯಾರಿಗೂ ಅಸಾಧ್ಯವಾದ ಗುರಿಯಲ್ಲ.

ನಿಮ್ಮ ವಯಸ್ಸಿನವರಿಗೆ ಇನ್ನೊಂದು ಮಾತು. ನಾನು ಹೇಳಿದ ಸ್ವೀಡನ್ನಿನ ಅಧ್ಯಯನದಲ್ಲಿಯೇ, ಇಪ್ಪತ್ತನೆಯ ವಯಸ್ಸಿಗೆ ಬಿ.ಎಂ.ಐ. 25 ಮುಟ್ಟಿದ್ದವರಿಗೆ ಮುಂದೆ ಮೂತ್ರಪಿಂಡ ಕೆಡುವ ಅಪಾಯ ಮೂರು ಪಟ್ಟು ಇತ್ತು. ಇಪ್ಪತ್ತು ಅಂದರೆ ಕಾಲೇಜಿನ ವಯಸ್ಸು. ಈಗ ಕಟ್ಟಿಕೊಂಡ ಹೊಟ್ಟೆ ನಲವತ್ತು ವರ್ಷ ಜೊತೆಗೆ ಬರುತ್ತದೆ. ಆದರೆ ಹದಿನೆಂಟಕ್ಕಿಂತ ಕೆಳಗಿನವರು ದೊಡ್ಡವರ ಅಂಕಿಗಳನ್ನು ತಮಗೆ ಹಚ್ಚಿಕೊಳ್ಳಬಾರದು. ಬೆಳೆಯುವ ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಕೋಷ್ಟಕಗಳಿವೆ. ಉಪವಾಸ ಬಿದ್ದು ತೂಕ ಇಳಿಸುವುದಂತೂ ಬೇಡವೇ ಬೇಡ. ದಪ್ಪಗಿರುವ ಗೆಳೆಯ ಗೆಳತಿಯರನ್ನು ಹಂಗಿಸುವುದರಿಂದ ಯಾರ ಮೂತ್ರಪಿಂಡವೂ ಉಳಿಯುವುದಿಲ್ಲ. ಸಂಜೆ ಒಟ್ಟಿಗೆ ಒಂದು ಗಂಟೆ ಆಡಿದರೆ ಉಳಿಯಬಹುದು. ಉಪ್ಪಿನಕಾಯಿ, ಹಪ್ಪಳ, ಚಿಪ್ಸುಗಳಲ್ಲಿ ಸೇರಿಕೊಂಡಿರುವ ಉಪ್ಪನ್ನು ಲೆಕ್ಕಕ್ಕೆ ಹಿಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ.

ಕೊನೆಯದಾಗಿ, ಈ ವಾರ ನೀವು ಮನೆಯಲ್ಲಿ ಮಾಡಬೇಕಾದ ಒಂದು ಕೆಲಸ. ಒಂದು ಅಳತೆಯ ಟೇಪು ತೆಗೆದುಕೊಳ್ಳಿ. ಮನೆಯ ದೊಡ್ಡವರನ್ನು ನೇರವಾಗಿ ನಿಲ್ಲಿಸಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟಾಗ, ಸುತ್ತಳತೆ ತೆಗೆದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ದಾಟಿದ್ದರೆ, ಅಥವಾ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿದ್ದರೆ, ಮೂರು ಪರೀಕ್ಷೆಗಳನ್ನು ಕೇಳಿ ಮಾಡಿಸಲು ಹೇಳಿ: ರಕ್ತದೊತ್ತಡ, ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್. ಕ್ರಿಯಾಟಿನಿನ್ ಬಂದ ಮೇಲೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಸೋಸುವ ಪ್ರಮಾಣ ಎಷ್ಟು ಎಂದು ವೈದ್ಯರನ್ನು ಕೇಳಲು ಮರೆಯಬೇಡಿ.

ಪಟ್ಟಿಯಲ್ಲಿ ಮೊದಲ ಹೆಸರು ಅಮ್ಮನದಿರಲಿ. ನನಗೇನಾಗಿದೆ, ಬಿಡೋ ಎಂದು ಅವರು ಖಂಡಿತ ಹೇಳುತ್ತಾರೆ. ಆಗ ಅವರಿಗೆ ಈ ಪಾಠವನ್ನು ನೀವೇ ವಿವರಿಸಿ.